ಅಟ್ಟದ ಮೇಲಿನ ಹಳೇ ರೂಟರಿಗೆ ಸ್ವಿಚ್ ಕೆಲಸ

ಮೈಸೂರಿನ ಯಾವ ಮನೆಯ ಅಟ್ಟ ತಡಕಿದರೂ ಒಂದು ಹಳೇ ರೂಟರ್ ಸಿಕ್ಕೀತು. ಟೆಲಿಫೋನ್ ತಂತಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದ ಎಡಿಎಸ್‌ಎಲ್ ಮೋಡೆಮ್ಮೋ, ಆಮೇಲೆ ಕೊಂಡ ಟಿಪಿ-ಲಿಂಕೋ, ಡಿ-ಲಿಂಕೋ. ಫೈಬರಿನವರು ತಮ್ಮದೇ ಡಬ್ಬ ಕೂರಿಸಿ ಹೋದ ಮೇಲೆ ಅದಕ್ಕೆ ಕೆಲಸವಿಲ್ಲ. ಇತ್ತ ಹೊಸ ಡಬ್ಬದಲ್ಲಿ ಎರಡೋ ನಾಲ್ಕೋ ಲ್ಯಾನ್ ಪೋರ್ಟ್, ಅಂದರೆ ಮನೆಯೊಳಗಿನ ಸಾಧನಗಳ ಕೇಬಲ್ ಸಿಕ್ಕಿಸುವ ತೂತು. ಟಿವಿಗೊಂದು, ಸಿಸಿಟಿವಿ ಡಿವಿಆರ್‌ಗೊಂದು, ಡೆಸ್ಕ್‌ಟಾಪಿಗೊಂದು, ಪ್ರಿಂಟರಿಗೊಂದು ಎಂದು ಹಂಚುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಅಟ್ಟದ ಡಬ್ಬ ಇಳಿಸಿದರೆ ಒಂದು ಕೇಬಲ್ ಕೊಟ್ಟು ಮೂರು ಪೋರ್ಟ್ ಪಡೆಯಬಹುದು. ಬೇಕಾಗುವುದು ಅರ್ಧ ಗಂಟೆ ಮತ್ತು ಒಂದು ಸೇಫ್ಟಿ ಪಿನ್ನು.

ರೂಟರ್ ಎಂದು ನಾವು ಕರೆಯುವ ಡಬ್ಬದೊಳಗೆ ಮೂರು ಯಂತ್ರಗಳಿವೆ: ಲ್ಯಾನ್ ಪೋರ್ಟ್‌ಗಳನ್ನು ಒಂದಕ್ಕೊಂದು ಬೆಸೆಯುವ ಸ್ವಿಚ್, ವೈ-ಫೈ ರೇಡಿಯೊ, ಮತ್ತು ಈ ಎರಡನ್ನೂ ಹೊರಗಿನ ಇಂಟರ್‌ನೆಟ್ಟಿಗೆ ದಾಟಿಸುವ ನಿಜವಾದ ರೂಟರ್. ಹಳೇ ಕಾಲದ ವಠಾರ ನೆನಪಿಸಿಕೊಳ್ಳಿ. ಲ್ಯಾನ್ ಪೋರ್ಟ್‌ಗಳು ಒಂದೇ ಅಂಗಳಕ್ಕೆ ಬಾಗಿಲು ತೆರೆದ ಮನೆಗಳು. ವ್ಯಾನ್ ಪೋರ್ಟ್ ಬೀದಿ ಬಾಗಿಲು, ಅಲ್ಲಿ ಒಬ್ಬ ಕಾವಲುಗಾರ ಕೂತಿದ್ದಾನೆ. ನಮಗೆ ಬೇಕಿರುವುದು ಅಂಗಳ ಮಾತ್ರ. ಹಾಗಾಗಿ ಸ್ವಿಚ್ಚನ್ನು ಹೊಸದಾಗಿ ಮಾಡಬೇಕಾದ್ದೇನಿಲ್ಲ, ಒಳಗೇ ಇದೆ. ಸಾಧನಗಳಿಗೆ ವಿಳಾಸ (ನೆಟ್‌ವರ್ಕಿನಲ್ಲಿ ಅವನ್ನು ಗುರುತಿಸುವ ಐಪಿ ಸಂಖ್ಯೆ) ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು; ಹಳೇ ಡಬ್ಬದ ಡಿಎಚ್‌ಸಿಪಿಯ ಬಾಯಿ ಮುಚ್ಚಿಸಬೇಕು, ಯಾರೂ ಬಳಸದ ಒಂದು ವಿಳಾಸ ಅದಕ್ಕೆ ಕೊಡಬೇಕು, ವ್ಯಾನ್ ಪೋರ್ಟನ್ನು ಖಾಲಿ ಬಿಡಬೇಕು. ಮುಂದೆ ಹೇಳುವ ತಾಪತ್ರಯಗಳಲ್ಲಿ, ಕೇಬಲ್ಲಿನವನ್ನು ಬಿಟ್ಟರೆ, ಬಹುಪಾಲು ಈ ಮೂರರಲ್ಲಿ ಒಂದನ್ನು ಮರೆತದ್ದಕ್ಕೇ ಹುಟ್ಟುವಂಥವು.

ಇಳಿಸುವ ಮೊದಲು ಒಂದು ಲೆಕ್ಕ

ಟಿಎಲ್-ಡಬ್ಲ್ಯುಆರ್740ಎನ್, ಟಿಎಲ್-ಡಬ್ಲ್ಯುಆರ್841ಎನ್, ಡಿಐಆರ್-615 ಥರದ, ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಮಾದರಿಗಳ ಪೋರ್ಟ್‌ಗಳೆಲ್ಲ 100 ಎಂಬಿಪಿಎಸ್‌ನವು. ಎಡಿಎಸ್‌ಎಲ್ ಮೋಡೆಮ್ಮುಗಳದ್ದೂ ಅದೇ ಕಥೆ. ಡಬ್ಬದ ಮೇಲೋ ಅಡಿಯ ಚೀಟಿಯಲ್ಲೋ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಎಂಬ ಮಾತು ಇಲ್ಲದಿದ್ದರೆ 100 ಎಂದೇ ತಿಳಿಯಿರಿ. ಡೇಟಾ ಸಾಗುವ ಪುಟ್ಟ ಕಟ್ಟಾದ ಪ್ರತಿ ಪ್ಯಾಕೆಟ್ಟಿನ ತಲೆಬರಹ, ಎರಡು ಪ್ಯಾಕೆಟ್ಟುಗಳ ನಡುವಿನ ಕಡ್ಡಾಯ ಬಿಡುವು ಎಲ್ಲ ಕಳೆದರೆ ಸ್ಪೀಡ್ ಟೆಸ್ಟಿನಲ್ಲಿ ಕಾಣುವುದು 94 ಎಂಬಿಪಿಎಸ್ ಆಸುಪಾಸು. 94 ಬಂತೆಂದರೆ ಎಲ್ಲ ಸರಿಯಾಗಿದೆ ಎಂದರ್ಥ, ಉಳಿದ ಆರಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇದು ಸಾಕೇ? ಪ್ಲ್ಯಾನು 100 ಎಂಬಿಪಿಎಸ್ ಒಳಗಿನದಾಗಿದ್ದರೆ ಧಾರಾಳ. ಟಿವಿಗಂತೂ ಪ್ರಶ್ನೆಯೇ ಇಲ್ಲ: ಬಹುತೇಕ ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ ಕೂಡ 100ರದ್ದೇ, ಸಾವಿರ ರೂಪಾಯಿಯ ಗಿಗಾಬಿಟ್ ಸ್ವಿಚ್ ತಂದರೂ ಟಿವಿಗೆ ವ್ಯತ್ಯಾಸ ಗೊತ್ತಾಗದು. 4ಕೆ ಸಿನಿಮಾಕ್ಕೆ ಬೇಕಾಗುವುದು 15ರಿಂದ 25 ಎಂಬಿಪಿಎಸ್. ನಾಲ್ಕು ಕ್ಯಾಮೆರಾದ ಡಿವಿಆರ್ ಅನ್ನು ಮೊಬೈಲಿನಲ್ಲಿ ನೋಡುವುದಕ್ಕೂ ಅದಕ್ಕಿಂತ ಹೆಚ್ಚು ಬೇಡ. ತೊಡಕು ಬರುವುದು ಮನೆಯೊಳಗೇ ದೊಡ್ಡ ಫೈಲು ಸಾಗಿಸುವವರಿಗೆ. 10 ಜಿಬಿ ಮದುವೆ ವಿಡಿಯೊವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸಲು 100ರ ಪೋರ್ಟಿನಲ್ಲಿ ಕಾಲು ಗಂಟೆ ಹಿಡಿದರೆ ಗಿಗಾಬಿಟ್‌ನಲ್ಲಿ ಒಂದೂವರೆ ನಿಮಿಷ ಸಾಕು. ಸ್ಟುಡಿಯೊ ಇಟ್ಟವರು ಹಳೇ ರೂಟರನ್ನು ಅಟ್ಟಕ್ಕೇ ಏರಿಸಿ ಹೊಸ ಸ್ವಿಚ್ ಕೊಳ್ಳುವುದು ವಾಸಿ.

ಇನ್ನೊಂದು ಮಾತು. ಹಳೇ ಡಬ್ಬದ ಮೂರು ಪೋರ್ಟುಗಳಿಗೆ ಜೋಡಿಸಿದ ಸಾಧನಗಳು ತಮ್ಮತಮ್ಮಲ್ಲಿ ಮಾತಾಡುವಾಗ ಪ್ರತಿಯೊಂದಕ್ಕೂ ಪೂರ್ತಿ 100 ಸಿಗುತ್ತದೆ. ಇಂಟರ್‌ನೆಟ್ಟಿಗೆ ಹೋಗುವಾಗ ಮಾತ್ರ ಮೂರೂ ಒಂದೇ ಕೇಬಲ್ಲನ್ನು ಹಂಚಿಕೊಳ್ಳಬೇಕು.

ಅಡಾಪ್ಟರ್ ಬಗ್ಗೆ ಎಚ್ಚರ. 5, 9, 12 ವೋಲ್ಟಿನ ಅಡಾಪ್ಟರುಗಳ ಪಿನ್ನು ನೋಡಲು ಒಂದೇ ಥರ ಇರುತ್ತವೆ, ಅಟ್ಟದಲ್ಲಿ ಬೆರಕೆಯಾಗಿ ಬಿದ್ದಿರುತ್ತವೆ. ರೂಟರಿನ ಅಡಿಯಲ್ಲಿ ಬರೆದ ವೋಲ್ಟ್ ಮತ್ತು ಅಡಾಪ್ಟರಿನ ವೋಲ್ಟ್ ತಾಳೆಯಾಗಲೇಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಕಡಿಮೆ ಇರಕೂಡದು. ಪ್ಲಸ್ ನಡುವಿನ ಪಿನ್ನಿಗೋ ಹೊರಗಿನ ಬಳೆಗೋ ಎಂಬ ಪುಟ್ಟ ಚಿತ್ರ ಎರಡರ ಮೇಲೂ ಇರುತ್ತದೆ, ಅದನ್ನೂ ಹೋಲಿಸಿ. ವರ್ಷಗಟ್ಟಲೆ ಓಡಿದ ಅಡಾಪ್ಟರಿನ ಕೆಪಾಸಿಟರ್ ಒಣಗಿದ್ದರೆ ರೂಟರ್ ಆನ್ ಆಗುತ್ತದೆ, ಆದರೆ ನಾಲ್ಕೂ ಕೇಬಲ್ ಹಾಕಿ ಹೊರೆ ಏರಿದೊಡನೆ ರೀಸ್ಟಾರ್ಟ್ ಆಗುತ್ತಾ ಇರುತ್ತದೆ. ಆಗ ಬದಲಿಸಬೇಕಾದ್ದು ಅಡಾಪ್ಟರನ್ನು, ರೂಟರನ್ನಲ್ಲ.

ಸೆಟ್ಟಿಂಗ್

ಹಳೇ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಡಬ್ಬ ಆನ್ ಮಾಡಿ ಒಂದು ನಿಮಿಷ ಬಿಟ್ಟು, ಹಿಂಬದಿಯ ರೀಸೆಟ್ ತೂತಿಗೆ ಪಿನ್ನು ಹಾಕಿ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಎಲ್ಲ ದೀಪಗಳೂ ಒಮ್ಮೆ ಮಿನುಗಿ ಮತ್ತೆ ಶುರುವಾಗುತ್ತವೆ. ಈಗ ಅದರ ವಿಳಾಸ, ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಡಿಯ ಚೀಟಿಯಲ್ಲಿ ಅಚ್ಚಾಗಿರುವಂಥವೇ, ಸಾಮಾನ್ಯವಾಗಿ 192.168.0.1 ಅಥವಾ 192.168.1.1.

ಮೊದಲು ಮನೆಯ ಮುಖ್ಯ ಡಬ್ಬದ ವಿಳಾಸ ನೋಡಿಕೊಳ್ಳಿ. ಮೊಬೈಲಿನ ವೈ-ಫೈ ವಿವರದಲ್ಲಿ ಗೇಟ್‌ವೇ ಎಂದಿರುವುದೇ ಅದು. ಜಿಯೋ ಫೈಬರ್ ಆದರೆ ಸಾಮಾನ್ಯವಾಗಿ 192.168.29.1, ಬೇರೆ ಬಹಳಷ್ಟರಲ್ಲಿ 192.168.1.1. ಹಳೇ ರೂಟರಿಗೆ ಕೊಡುವ ವಿಳಾಸದ ಮೊದಲ ಮೂರು ಸಂಖ್ಯೆ ಇದರದ್ದೇ ಆಗಿರಬೇಕು, ಕೊನೆಯದು ಬೇರೆ ಇರಬೇಕು. ಮುಖ್ಯ ಡಬ್ಬ 192.168.1.1 ಆದರೆ ಹಳೆಯದಕ್ಕೆ 192.168.1.254 ಇರಲಿ. ಮುಖ್ಯ ಡಬ್ಬದ ಡಿಎಚ್‌ಸಿಪಿ ಪುಟಕ್ಕೆ ಹೋಗಿ ಅದು ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ವಿಳಾಸ ಹಂಚುತ್ತಿದೆ ಎಂದೂ ನೋಡಿ. 2ರಿಂದ 254 ಎಂದಿದ್ದರೆ ಕೊನೆಯದನ್ನು 253ಕ್ಕೆ ಇಳಿಸಿ. ಇಳಿಸದೆ ಬಿಟ್ಟರೆ ಮನೆಗೆ ಬಂದ ನೆಂಟರ ಮೊಬೈಲಿಗೆ ಎಂದೋ ಒಂದು ದಿನ 254 ಹೋಗುತ್ತದೆ, ಆ ಮೊಬೈಲಿನಲ್ಲಿ ಮಾತ್ರ ಇಂಟರ್‌ನೆಟ್ ಬಂದು ಬಂದು ಹೋಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಈ ಹಂತದಲ್ಲಿ ಹಳೇ ರೂಟರನ್ನು ಮನೆಯ ನೆಟ್‌ವರ್ಕಿಗೆ ಜೋಡಿಸಲೇಬೇಡಿ. ಲ್ಯಾಪ್‌ಟಾಪನ್ನು ಒಂದು ಕೇಬಲ್ಲಿನಿಂದ ನೇರವಾಗಿ ಅದರ ಲ್ಯಾನ್ ಪೋರ್ಟಿಗೆ ಹಾಕಿ, ಲ್ಯಾಪ್‌ಟಾಪಿನ ವೈ-ಫೈ ಆಫ್ ಮಾಡಿ, ಬ್ರೌಸರಿನಲ್ಲಿ ಚೀಟಿಯ ವಿಳಾಸ ಕೊಡಿ. ಪುಟ ತೆರೆಯದಿದ್ದರೆ ವಿಳಾಸದ ಮುಂದೆ ಎಚ್‌ಟಿಟಿಪಿ ಸೇರಿಸಿ ಪೂರ್ತಿ ಟೈಪ್ ಮಾಡಿ. ಈಗಿನ ಬ್ರೌಸರುಗಳು ತಾವಾಗಿಯೇ ಎಚ್‌ಟಿಟಿಪಿಎಸ್‌ಗೆ ಹಾರುತ್ತವೆ, ಈ ಮುದಿ ಡಬ್ಬಗಳಿಗೆ ಅದು ತಿಳಿಯದು. ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಇಲ್ಲವೆಂದರೆ ಮೊಬೈಲೂ ಆಗುತ್ತದೆ: ಹಳೇ ರೂಟರಿನ ವೈ-ಫೈಗೆ ಸೇರಿ, ಮೊಬೈಲ್ ಡೇಟಾ ಆಫ್ ಮಾಡಿ. ಡೇಟಾ ಆನ್ ಇದ್ದರೆ ಈ ವೈ-ಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಫೋನು ತಾನೇ ಸಿಮ್ಮಿಗೆ ಜಾರುತ್ತದೆ, ನೀವು ವಿಳಾಸ ಎಷ್ಟು ಸಲ ಹೊಡೆದರೂ ಪುಟ ಬರುವುದಿಲ್ಲ. ಮೊಬೈಲಿನಿಂದ ಮಾಡುವವರು, ಹಳೇ ರೂಟರಿನ ವೈ-ಫೈ ಬೇಡವಾದರೆ, ಅದನ್ನು ಆಫ್ ಮಾಡುವ ಹೆಜ್ಜೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ, ಇಲ್ಲವಾದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ.

ಲಾಗಿನ್ ಆದ ಮೇಲೆ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಆಮೇಲೆ ನೆಟ್‌ವರ್ಕ್ ಎಂಬಲ್ಲಿ ಲ್ಯಾನ್ ಪುಟ ತೆರೆದು ಐಪಿ ವಿಳಾಸವನ್ನು 192.168.1.254 ಮಾಡಿ ಸೇವ್ ಕೊಡಿ, ಸಬ್‌ನೆಟ್ ಮಾಸ್ಕ್ 255.255.255.0 ಇದ್ದ ಹಾಗೇ ಇರಲಿ. ರೂಟರ್ ರೀಬೂಟ್ ಆಗುತ್ತದೆ. ಕೇಬಲ್ ಒಮ್ಮೆ ಕಿತ್ತು ಹಾಕಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಡಿಎಚ್‌ಸಿಪಿ ಸರ್ವರನ್ನು ಡಿಸೇಬಲ್ ಮಾಡಿ ಸೇವ್ ಮಾಡಿ. ಕೆಲವು ಮಾದರಿಗಳಲ್ಲಿ ಇದು ಲ್ಯಾನ್ ಪುಟದಲ್ಲೇ ಒಂದು ಟಿಕ್ ಗುರುತಾಗಿರುತ್ತದೆ.

ಈ ಕ್ರಮಕ್ಕೆ ಕಾರಣವಿದೆ. ಡಿಎಚ್‌ಸಿಪಿಯನ್ನು ಮೊದಲೇ ನಿಲ್ಲಿಸಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ, 169.254ರಿಂದ ಶುರುವಾಗುವ ವಿಳಾಸ ಹಾಕಿಕೊಂಡು ಕೂರುತ್ತದೆ, ರೂಟರಿನ ಪುಟ ತೆರೆಯುವುದಿಲ್ಲ. ಕ್ರಮ ತಪ್ಪದಿದ್ದರೂ ಕೆಲವು ರೂಟರುಗಳು ಐಪಿ ಬದಲಾದಾಗ ಹಂಚುವ ವಿಳಾಸಗಳ ಸಾಲನ್ನು ಬದಲಿಸದೆ ಹಳೆಯದನ್ನೇ ಇಟ್ಟುಕೊಂಡಿರುತ್ತವೆ, ಆಗಲೂ ಹೀಗೇ ಆಗುತ್ತದೆ. ಹೆದರಬೇಕಾಗಿಲ್ಲ. ಲ್ಯಾಪ್‌ಟಾಪಿಗೆ ಕೈಯಾರೆ 192.168.1.50 ಎಂದು ವಿಳಾಸ, 255.255.255.0 ಎಂದು ಮಾಸ್ಕ್ ಕೊಟ್ಟು, ಗೇಟ್‌ವೇ ಖಾಲಿ ಬಿಟ್ಟರೆ ಪುಟ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮತ್ತೆ ಆಟೊಮ್ಯಾಟಿಕ್ಕಿಗೆ ತಿರುಗಿಸಲು ಮರೆಯಬೇಡಿ. ಮರೆತವರು ಮಾರನೆಯ ದಿನ ಆಫೀಸಿನಲ್ಲಿ ಲ್ಯಾನ್ ಕೆಟ್ಟಿದೆ ಎಂದು ದೂರು ಕೊಡುತ್ತಾರೆ.

ಈಗ ಮುಖ್ಯ ಡಬ್ಬದ ಲ್ಯಾನ್ ಪೋರ್ಟಿನಿಂದ ಹಳೇ ರೂಟರಿನ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆಯಿರಿ. ಬಣ್ಣ ಬೇರೆ ಇರುವ, ಒಂಟಿಯಾಗಿ ಕೂತಿರುವ ವ್ಯಾನ್ ಪೋರ್ಟಿಗೆ ಒಂದು ತುಂಡು ಟೇಪ್ ಅಂಟಿಸಿ, ನಾಳೆ ಮನೆಯಲ್ಲಿ ಯಾರಾದರೂ ಅದೂ ಒಂದು ತೂತೆಂದು ಹಾಕಿಯಾರು. ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್ ಕೇಬಲ್ ಬೇಕೇ ಎಂದು ಹಳಬರು ಕೇಳುವುದುಂಟು. ಈ ರೂಟರುಗಳ ಪೋರ್ಟ್‌ಗಳು ಅದನ್ನು ತಾವೇ ಅರಿತು ಹೊಂದಿಕೊಳ್ಳುತ್ತವೆ, ಮಾಮೂಲಿ ಕೇಬಲ್ ಸಾಕು. ಎಡಿಎಸ್‌ಎಲ್ ಮೋಡೆಮ್ಮಿನಲ್ಲಿ ಟೆಲಿಫೋನ್ ತಂತಿಯ ಸಣ್ಣ ತೂತು ಖಾಲಿ ಬಿದ್ದಿರುತ್ತದೆ, ಉಳಿದ ನಾಲ್ಕೂ ಲ್ಯಾನ್ ಪೋರ್ಟುಗಳೇ. ಒಂದೇ ಲ್ಯಾನ್ ಪೋರ್ಟಿನ ಮೋಡೆಮ್ ಆದರೆ ಅದು ಈ ಕೆಲಸಕ್ಕೆ ಬಾರದು.

ಸ್ವಲ್ಪ ಈಚಿನ ರೂಟರುಗಳಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇರುತ್ತದೆ. ಅದಿದ್ದರೆ ಇಷ್ಟೆಲ್ಲ ಬೇಕಿಲ್ಲ: ಡಿಎಚ್‌ಸಿಪಿಯನ್ನು ತಾನೇ ನಿಲ್ಲಿಸಿ ವ್ಯಾನ್ ಪೋರ್ಟನ್ನೂ ಅಂಗಳಕ್ಕೆ ಸೇರಿಸಿಕೊಳ್ಳುತ್ತದೆ, ಹಾಗಾಗಿ ಒಂದು ಪೋರ್ಟ್ ಲಾಭ. ರೂಟರಿಗೆ ಹಾಕಬಹುದಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಬದಲಿ ಸಾಫ್ಟ್‌ವೇರ್ ಹಾಕಿಯೂ ಆ ಪೋರ್ಟ್ ಗಿಟ್ಟಿಸಬಹುದು. ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮಿನ ಡಬ್ಬಗಳನ್ನು ಅದರ ಈಗಿನ ಆವೃತ್ತಿಗಳು ಬೆಂಬಲಿಸುವುದಿಲ್ಲ. ಒಂದು ತೂತಿನ ಆಸೆಗೆ ಅಷ್ಟು ದೂರ ಹೋಗುವುದು ನನಗೆ ದಂಡವೆನಿಸುತ್ತದೆ.

ಜೋಡಿಸಿದ ಮೇಲೆ ಎರಡು ವಿಚಿತ್ರ ಕಾಣಬಹುದು, ಎರಡೂ ತಪ್ಪಲ್ಲ. ಹಳೇ ರೂಟರಿನ ಇಂಟರ್‌ನೆಟ್ ದೀಪ ಹತ್ತುವುದಿಲ್ಲ, ಅಥವಾ ಕೆಂಪಾಗಿ ಉರಿಯುತ್ತದೆ, ಏಕೆಂದರೆ ಬೀದಿ ಬಾಗಿಲು ಮುಚ್ಚಿದೆ. ಅದರ ಗಡಿಯಾರ 1970ನ್ನೋ ತಯಾರಾದ ವರ್ಷವನ್ನೋ ತೋರಿಸುತ್ತದೆ, ಏಕೆಂದರೆ ಹೊರಗೆ ಹೋಗಿ ಸಮಯ ಕೇಳಲು ಅದಕ್ಕೆ ದಾರಿಯಿಲ್ಲ. ಡಬ್ಬಕ್ಕೆ ಗೊತ್ತೇ ಇಲ್ಲದ, ಇಂಟರ್‌ನೆಟ್ ವಿಳಾಸಗಳ ಹೊಸ ಪದ್ಧತಿಯಾದ ಐಪಿವಿ6 ಕೂಡ ಅದರ ಮೂಲಕ ಸಲೀಸಾಗಿ ಹಾಯುತ್ತದೆ. ಸ್ವಿಚ್ ನೋಡುವುದು ಪ್ರತಿ ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ಮಾತ್ರ, ಒಳಗಿನ ಕಾಗದ ಓದುವ ಗೋಜಿಗೆ ಹೋಗದು.

ಕೈಕೊಡುವ ಜಾಗಗಳು

ಮನೆಯಲ್ಲಿ ಒಬ್ಬರ ಫೋನಿಗೆ ಇಂಟರ್‌ನೆಟ್ ಇದೆ, ಇನ್ನೊಬ್ಬರದಕ್ಕಿಲ್ಲ, ಸಂಜೆಗೆ ಅದಲುಬದಲು ಎಂದರೆ ಹಳೇ ರೂಟರಿನ ಡಿಎಚ್‌ಸಿಪಿ ಇನ್ನೂ ಜೀವಂತವಾಗಿದೆ. ಹೊಸದಾಗಿ ಸೇರಿದ ಸಾಧನ ನನಗೊಂದು ವಿಳಾಸ ಕೊಡಿ ಎಂದು ಕೂಗಿದಾಗ ಎರಡು ಡಬ್ಬಗಳೂ ಉತ್ತರಿಸುತ್ತವೆ, ಸಾಮಾನ್ಯವಾಗಿ ಮೊದಲು ಉತ್ತರಿಸಿದ್ದೇ ಗೆಲ್ಲುತ್ತದೆ. ಹಳೆಯದು ಗೆದ್ದರೆ ಗೇಟ್‌ವೇ ಎಂದು ತನ್ನ ವಿಳಾಸವನ್ನೇ ಕೊಡುತ್ತದೆ, ಆ ದಾರಿ ಎಲ್ಲಿಗೂ ಹೋಗುವುದಿಲ್ಲ. ಈಗಾಗಲೇ ವಿಳಾಸ ಪಡೆದ ಸಾಧನಗಳು ಅವಧಿ ಮುಗಿಯುವವರೆಗೆ ಸರಿಯಾಗೇ ಇರುವುದರಿಂದ ತಪ್ಪು ಆದ ದಿನ ಕಾಣದೆ ಮಾರನೆಯ ದಿನ ಕಾಣುತ್ತದೆ. ಪತ್ತೆ ಸುಲಭ: ತೊಂದರೆಯಿರುವ ಫೋನಿನ ಗೇಟ್‌ವೇ ನೋಡಿ, 192.168.1.254 ಎಂದಿದ್ದರೆ ಕಳ್ಳ ಸಿಕ್ಕ. ವೋಲ್ಟೇಜ್ ಏರುಪೇರಿನಲ್ಲೋ, ಯಾರೋ ರೀಸೆಟ್ ಒತ್ತಿಯೋ ಡಬ್ಬ ಮೊದಲಿನ ಸೆಟ್ಟಿಂಗಿಗೆ ಮರಳಿದರೂ ಇದೇ ಲಕ್ಷಣ.

ಇಡೀ ಮನೆಯ ನೆಟ್‌ವರ್ಕ್ ಒಮ್ಮೆಲೇ ಸತ್ತು ಎರಡೂ ಡಬ್ಬಗಳ ದೀಪಗಳು ಒಟ್ಟಿಗೆ ಹುಚ್ಚೆದ್ದು ಮಿನುಗುತ್ತಿದ್ದರೆ ಎಲ್ಲೋ ಸುತ್ತು ಬಿದ್ದಿದೆ. ವೇಗ ಜಾಸ್ತಿಯಾಗಲೆಂದು ಎರಡು ಡಬ್ಬಗಳ ನಡುವೆ ಎರಡು ಕೇಬಲ್ ಹಾಕುವವರಿದ್ದಾರೆ. ಎಲ್ಲರಿಗೂ ಹೋಗುವ ಒಂದು ಪ್ಯಾಕೆಟ್ ಆ ವರ್ತುಲದಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಾ ಇಮ್ಮಡಿಯಾಗುತ್ತಾ ಲೈನನ್ನೇ ಕಟ್ಟಿಹಾಕುತ್ತದೆ. ಒಂದು ಕೇಬಲ್ ಕಿತ್ತರೆ ಐದು ಸೆಕೆಂಡಿನಲ್ಲಿ ಎಲ್ಲ ಸರಿ.

ಇಂಟರ್‌ನೆಟ್ ಬರುತ್ತಿದೆ ಆದರೆ ಕೆಳಗಿನ ಪ್ರಿಂಟರ್ ಮೇಲಿನ ಕಂಪ್ಯೂಟರಿಗೆ ತಾನಾಗಿ ಕಾಣುತ್ತಿಲ್ಲ ಎಂದರೆ ಹಳೇ ಡಬ್ಬದ ಡಿಎಚ್‌ಸಿಪಿ ಆನ್ ಇದ್ದು ಕೇಬಲ್ ವ್ಯಾನ್ ಪೋರ್ಟಿಗೆ ಹೋಗಿದೆ. ಕಾವಲುಗಾರ ಕೆಲಸಕ್ಕೆ ಹಾಜರಾಗಿ ಮೇಲಿನವರಿಗೆ ಬೇರೆಯೇ ಅಂಗಳ ಕಟ್ಟಿಕೊಟ್ಟಿದ್ದಾನೆ.

ಮೇಲ್ಮಹಡಿಯ ಬಾಡಿಗೆಯವರಿಗೆ ಲೈನ್ ಕೊಡುವಾಗ ಕೆಲವರು ಬೇಕೆಂದೇ ಹೀಗೆ ಮಾಡುತ್ತಾರೆ, ತಮ್ಮ ಕ್ಯಾಮೆರಾ ಅವರಿಗೆ ಕಾಣದಿರಲಿ ಎಂದು. ಲೆಕ್ಕ ತಲೆಕೆಳಗು. ವ್ಯಾನ್ ಪೋರ್ಟಿನ ಹಿಂದಿರುವವರು ಹೊರಗೆ ಹೋಗಬಲ್ಲರು, ಅವರ ಪಾಲಿಗೆ ನಿಮ್ಮ ಮನೆಯೇ ಹೊರಗು. ನಿಮಗೆ ಅವರ ಸಾಧನ ಕಾಣುವುದಿಲ್ಲ, ನಿಮ್ಮ ಡಿವಿಆರ್ ಮಾತ್ರ, ತಾನಾಗಿ ಪಟ್ಟಿಯಲ್ಲಿ ಕಾಣದಿದ್ದರೂ, ಅದರ ವಿಳಾಸ ಕೊಟ್ಟರೆ ಅವರಿಗೆ ಸಿಗುತ್ತದೆ.

ಕೇಬಲ್

ಹತ್ತರಲ್ಲಿ ಏಳು ದೂರುಗಳ ಮೂಲ ಇಲ್ಲೇ ಇರುತ್ತದೆ ಎಂಬುದು ನನ್ನ ಅಂದಾಜು. ಕುವೆಂಪುನಗರ, ವಿಜಯನಗರದ ಕಡೆಯ ಎರಡು ಮಹಡಿ ಮನೆಗಳಲ್ಲಿ ನಡುವಿನ ಆರ್‌ಸಿಸಿ ಸ್ಲ್ಯಾಬ್, ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ದಪ್ಪ ಗೋಡೆ ವೈ-ಫೈಯನ್ನು ತಡೆಯುತ್ತವೆ, ಅದಕ್ಕೇ ಕೇಬಲ್ ಎಳೆಯುವುದು. ಹಾಗಿರುವಾಗ ಕೇಬಲ್ಲಿನಲ್ಲೇ ಉಳಿತಾಯ ಮಾಡಿದರೆ ಮಾಡಿದ್ದೆಲ್ಲ ವ್ಯರ್ಥ.

ಕ್ಯಾಟ್5ಇ ದರ್ಜೆಯ ಕೇಬಲ್ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ನೋಡಬೇಕಾದ್ದು ಒಳಗಿನ ತಂತಿ ಶುದ್ಧ ತಾಮ್ರವೇ, ತಾಮ್ರ ಲೇಪಿಸಿದ ಅಲ್ಯೂಮಿನಿಯಮ್ಮೇ ಎಂದು. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಎರಡು ಮೂರು ಸಲ ಬಗ್ಗಿಸಿದರೆ ಮುರಿಯುತ್ತದೆ, ಕೇಬಲ್ಲಿನಲ್ಲೇ ಕರೆಂಟ್ ಕೊಡುವ ಪಿಒಇ ಕ್ಯಾಮೆರಾ ಹಾಕಿದರೆ ಬಿಸಿಯಾಗುತ್ತದೆ. ಎಲೆಕ್ಟ್ರಿಕ್ ವೈರ್ ಇರುವ ಪೈಪಿನೊಳಗೆ ಯಾವ ಲ್ಯಾನ್ ಕೇಬಲನ್ನೂ ತೂರಿಸಬೇಡಿ. ಹಳೇ ಟೆಲಿಫೋನ್ ಅಥವಾ ಕೇಬಲ್ ಟಿವಿಯ ಪೈಪ್ ಗೋಡೆಯೊಳಗೆ ಖಾಲಿ ಇರುತ್ತದೆ, ಹಳೇ ತಂತಿಯ ತುದಿಗೇ ಹೊಸದನ್ನು ಕಟ್ಟಿ ಎಳೆದರೆ ಬಂದುಬಿಡುತ್ತದೆ.

ತುದಿಗೆ ಆರ್‌ಜೆ45 ಎಂಬ ಪ್ಲಗ್ಗನ್ನು ಒತ್ತಿ ಕೂರಿಸುವಾಗ, ಅಂದರೆ ಕ್ರಿಂಪ್ ಮಾಡುವಾಗ, ಬಣ್ಣಗಳ ಕ್ರಮ, ಚಿನ್ನದ ಪಿನ್ನುಗಳು ನಿಮ್ಮ ಕಡೆಗೂ ಮೇಲಕ್ಕೂ ಇದ್ದಾಗ ಎಡದಿಂದ: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎರಡೂ ತುದಿಗೆ ಇದೇ. ಹಸಿರಿನ ಜೋಡಿಯ ನಡುವೆ ನೀಲಿ ಯಾಕೆ ತೂರಿಕೊಂಡಿದೆ ಎಂದು ಹಲವರಿಗೆ ಅನ್ನಿಸುತ್ತದೆ, ಹಸಿರಿನ ಪಕ್ಕ ಹಸಿರು, ನೀಲಿಯ ಪಕ್ಕ ನೀಲಿ ಎಂದು ಓರಣವಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿ ಒಂದೇ ಥರ ಇರುವುದರಿಂದ ಟೆಸ್ಟರಿನ ಎಂಟೂ ದೀಪ ಹತ್ತುತ್ತವೆ, ಎರಡು ಮೀಟರಿನ ತುಂಡಿನಲ್ಲಿ ಇಂಟರ್‌ನೆಟ್ಟೂ ಬರುತ್ತದೆ. ಇಪ್ಪತ್ತು ಮೀಟರ್ ಎಳೆದಾಗ ಲಿಂಕ್ ಬಿದ್ದು ಬಿದ್ದು ಏಳುತ್ತದೆ. ಸಿಗ್ನಲ್ ಹೋಗುವ 3 ಮತ್ತು 6ನೇ ಪಿನ್ನುಗಳು ಒಂದೇ ಹೆಣಿಗೆಯ ಜೋಡಿಯಾಗಿರಬೇಕು. ಓರಣ ಮಾಡಿದವರ ಕೈಯಲ್ಲಿ ಅವು ಬೇರೆಬೇರೆ ಜೋಡಿಗೆ ಹೋಗಿ ಪಕ್ಕದ ತಂತಿಯ ಗಲಾಟೆಯನ್ನೆಲ್ಲ ಹೀರುತ್ತವೆ. ಹೆಣಿಗೆಯನ್ನೂ ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡಿ.

100 ಎಂಬಿಪಿಎಸ್‌ಗೆ 1, 2, 3, 6 ಈ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಆದ್ದರಿಂದ ಹಳೇ ರೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಕೇಬಲ್, ಮುಂದೆ ಗಿಗಾಬಿಟ್ ಸ್ವಿಚ್ ತಂದಾಗ 100ರಲ್ಲೇ ನಿಂತರೆ ಸ್ವಿಚ್ಚನ್ನು ಬೈಯುವ ಮೊದಲು ನೀಲಿ, ಕಂದು ಜೋಡಿಗಳನ್ನು ನೋಡಿ.

ವೈ-ಫೈ, ಕರೆಂಟು, ಸಿಡಿಲು

ಬರೀ ಸ್ವಿಚ್ ಆಗಿ ಬಳಸುವುದಾದರೆ ವೈ-ಫೈ ಆಫ್ ಮಾಡಿಬಿಡಿ. ಮಹಡಿಯ ಮೇಲೆ ಸಿಗ್ನಲ್ಲೂ ಬೇಕಿದ್ದರೆ ಆನ್ ಇರಲಿ: ಮುಖ್ಯ ಡಬ್ಬದ ಹೆಸರು, ಪಾಸ್‌ವರ್ಡನ್ನೇ ಕೊಡಿ, ಚಾನೆಲ್ ಮಾತ್ರ ಬೇರೆ, 1, 6, 11ರಲ್ಲಿ ಒಂದು. ಭದ್ರತೆಗೆ ಡಬ್ಲ್ಯುಪಿಎ2, ಅದರಲ್ಲಿ ಎಇಎಸ್ ಆರಿಸಿ. ಟಿಕೆಐಪಿ ಆರಿಸಿದರೆ ವೇಗ 54 ಎಂಬಿಪಿಎಸ್ ದಾಟದು. ಪಾಸ್‌ವರ್ಡ್ ಹೊಡೆಯದೆ ಗುಂಡಿ ಒತ್ತಿಯೋ ಪಿನ್ ಕೊಟ್ಟೋ ಸೇರಿಸುವ ಡಬ್ಲ್ಯುಪಿಎಸ್ ಆಫ್ ಇರಲಿ. ಗೆಸ್ಟ್ ನೆಟ್‌ವರ್ಕ್ ಆಯ್ಕೆಯನ್ನು ನಂಬಬೇಡಿ, ಸ್ವಿಚ್ ಆದ ಮೇಲೆ ಅತಿಥಿಗಳೂ ಅದೇ ಅಂಗಳಕ್ಕೆ ಬಂದು ಬೀಳುವ ಸಾಧ್ಯತೆ ಇದೆ.

ಹಳೇ ಡಬ್ಬ ಸುಮಾರು 5 ವ್ಯಾಟ್ ತಿನ್ನುತ್ತದೆ ಎಂದುಕೊಂಡರೆ ವರ್ಷಕ್ಕೆ 44 ಯೂನಿಟ್. ಹೊಸ ಐದು ಪೋರ್ಟಿನ ಸ್ವಿಚ್ ಅದರ ಅರ್ಧದಲ್ಲಿ ಮುಗಿಸುತ್ತದೆ. ಕರೆಂಟ್ ಹೋದಾಗ ಮುಖ್ಯ ಡಬ್ಬಕ್ಕೆ ಸಣ್ಣ ರೂಟರ್ ಯುಪಿಎಸ್ ಇದ್ದರೂ ಅದು 12 ವೋಲ್ಟಿನದು. 9 ವೋಲ್ಟಿನ ಹಳೇ ರೂಟರನ್ನು ಅದಕ್ಕೆ ಸಿಕ್ಕಿಸಿದರೆ ಸುಟ್ಟೀತು. ಎರಡೂ ವೋಲ್ಟೇಜಿನ ಔಟ್‌ಪುಟ್ ಇರುವ ಯುಪಿಎಸ್ ಸಿಗುತ್ತವೆ, ಕೊಳ್ಳುವಾಗಲೇ ನೋಡಿ.

ಮಂಡ್ಯದ ಹಳ್ಳಿ ಕಡೆ ಮನೆಯಿಂದ ಕೊಟ್ಟಿಗೆಗೋ ಪಂಪ್‌ಸೆಟ್ ಮನೆಗೋ ಕ್ಯಾಮೆರಾಕ್ಕೆಂದು ಲ್ಯಾನ್ ಕೇಬಲನ್ನು ತೆಂಗಿನ ಮರದ ಮೇಲೆ ಹಾಯಿಸುವವರಿದ್ದಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ಉದ್ದನೆಯ ತಾಮ್ರದಲ್ಲಿ ವೋಲ್ಟೇಜ್ ಎದ್ದು ಪೋರ್ಟುಗಳನ್ನು ಸುಡುತ್ತದೆ. ಅಂಥ ತುದಿಗೆ ಹಳೇ ರೂಟರನ್ನು ನಡುವೆ ಇಡುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಹೋದರೆ ಮೊದಲು ಅದು ಹೋದೀತು. ಆದರೂ ಹೊಡೆತ ಅಲ್ಲಿಗೇ ನಿಲ್ಲುತ್ತದೆಂಬ ಖಾತ್ರಿ ಇಲ್ಲದ ಕಾರಣ, ಮೋಡ ಕಟ್ಟಿದಾಗ ಆ ಕೇಬಲನ್ನು ಕಿತ್ತಿಡಿ.

ಕೊನೆಗೆ ಪರೀಕ್ಷೆ. ಹಳೇ ರೂಟರಿಗೆ ಹಾಕಿದ ಕಂಪ್ಯೂಟರಿನಿಂದ 192.168.1.254ಕ್ಕೂ 192.168.1.1ಕ್ಕೂ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡುವ ಕಮಾಂಡ್ ಕೊಡಿ. ಎರಡೂ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು, ನೂರು ಸಲ ಬಿಟ್ಟರೆ ನೂರೂ ಬರಬೇಕು. ನಡುನಡುವೆ ಒಂದೆರಡು ಕಳೆದರೆ ಕ್ರಿಂಪ್ ಮತ್ತೆ ಮಾಡಿ. ಎಲ್ಲ ಸರಿಯಿದ್ದರೆ ಒಂದು ಚೀಟಿಯಲ್ಲಿ ಹೊಸ ವಿಳಾಸ, ಪಾಸ್‌ವರ್ಡ್, ಡಿಎಚ್‌ಸಿಪಿ ಆಫ್ ಎಂದು ಬರೆದು ಡಬ್ಬದ ಅಡಿಗೆ ಅಂಟಿಸಿ, ಅಚ್ಚಾದ ಹಳೇ ವಿಳಾಸದ ಮೇಲೇ.